ಸತ್ಯಾಂಶ: ಗ್ರ್ಯಾಫೀನ್ ಹಾಳೆ ಹರಿಯುವುದೇ ಇಲ್ಲವೇ?

ಗ್ರ್ಯಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಉಕ್ಕಿಗಿಂತ 200 ಪಟ್ಟು ಗಟ್ಟಿ, ಯಾವ ಬಿಸಿಗೂ ಜಗ್ಗಲ್ಲ, ಹರಿಯೋದೇ ಇಲ್ಲ ಎನ್ನುವ ಮೆಸೇಜ್ ಆಗಾಗ ಫಾರ್ವರ್ಡ್ ಆಗಿ ಬರುತ್ತಿರುತ್ತದೆ. ಪೂರ್ತಿ ಸುಳ್ಳಲ್ಲ, ಅದಕ್ಕೇ ನಂಬುವುದು ಸುಲಭ.

ಇದರ ಹಿಂದೆ 2008ರ ಒಂದು ಪ್ರಯೋಗವಿದೆ. ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಆಸುಪಾಸಿನ ತೂತಿನ ಮೇಲೆ ಈ ಹಾಳೆ ಹಾಸಿ, ವಜ್ರದ ಮೊನೆಯಿಂದ ಹರಿಯುವವರೆಗೂ ಒತ್ತಿದರು. ಲೆಕ್ಕಕ್ಕೆ ಸಿಕ್ಕ ಬಲ ಸುಮಾರು 130 ಗಿಗಾಪಾಸ್ಕಲ್ (ಹರಿಯುವ ಮುನ್ನ ಎಷ್ಟು ಎಳೆತ ತಾಳುತ್ತದೆ ಎಂಬುದರ ಅಳತೆ). ಅಂದರೆ ಅಲ್ಲೂ ಅದು ಹರಿದಿತ್ತು, ಅಲ್ವಾ? ಅಷ್ಟು ಚಿಕ್ಕ ತುಂಡಿನಲ್ಲಿ ದೋಷ ಇಲ್ಲದಿದ್ದಕ್ಕೇ ಅಷ್ಟು ಬಲ.

ಹಾಳೆ ದೊಡ್ಡದಾದಷ್ಟೂ ದೋಷ ಜಾಸ್ತಿ. ಒಂದಿಷ್ಟು ಕಾರ್ಬನ್ ಪರಮಾಣು ಕಾಣೆಯಾದರೆ ಅವುಗಳ ಪಾಲಿನ ಎಳೆತವನ್ನೂ ಅಕ್ಕಪಕ್ಕದ ಬಂಧಗಳೇ ಹೊರಬೇಕು. ಬಿರುಕು ಶುರುವಾಗುವುದು ಅಲ್ಲೇ. ಆಮೇಲೆ ಗಾಜಿನ ಹಾಗೆ ಸರ್ರನೆ ಸೀಳುತ್ತದೆ. ಉಕ್ಕಾದರೆ ಬಾಗಿ, ಹಿಗ್ಗಿ ತಡೆದುಕೊಳ್ಳುತ್ತದೆ.

ಬಿಸಿ ಏರಿದಂತೆ ಪರಮಾಣುಗಳ ನಡುಗಾಟ ಹೆಚ್ಚಿ, ಕಮ್ಮಿ ಎಳೆತಕ್ಕೇ ಬಂಧ ಕಡಿಯುತ್ತದೆ. ಗಾಳಿಯಿಲ್ಲದ ಕಡೆ ಗ್ರ್ಯಾಫೀನ್ ಸಾವಿರಕ್ಕೂ ಹೆಚ್ಚು ಡಿಗ್ರಿ ತಾಳುವುದು ನಿಜ. ಗಾಳಿಯಲ್ಲಿ ಮಾತ್ರ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗೇ ಆಮ್ಲಜನಕ ಒಂಟಿ ಪದರದಲ್ಲಿ ತೂತು ಕೊರೆಯತೊಡಗುತ್ತದೆ.

ಇಂಥ ಮೆಸೇಜ್ ಬಂದರೆ ಎಷ್ಟು ದೊಡ್ಡ ತುಂಡು, ಎಷ್ಟು ಬಿಸಿ, ಗಾಳಿಯಲ್ಲೋ ನಿರ್ವಾತದಲ್ಲೋ ಅಂತ ನೋಡಿ. ವಿವರ ಇಲ್ಲದಿದ್ದರೆ ಮೂಲ ಪ್ರಬಂಧದ ಸಾರಾಂಶ ಹುಡುಕಿ, ಸಾಮಾನ್ಯವಾಗಿ ಪುಕ್ಕಟೆ ಸಿಗುತ್ತದೆ. ಗ್ರ್ಯಾಫೀನ್ ಬೆರೆಸಿದ ವಸ್ತುವಾದರೆ, ಆ ವಸ್ತುವನ್ನೇ ಪರೀಕ್ಷಿಸಿದ ಅಂಕಿ ಕೇಳಿ. ಪ್ಲಾಸ್ಟಿಕ್‌ಗೆ ಸುಮ್ನೆ ಚೂರು ಪುಡಿ ಹಾಕಿದರೆ 130 ಗಿಗಾಪಾಸ್ಕಲ್ ಬಂದುಬಿಡುವುದಿಲ್ಲ.