ಎರಡು ಬಿಂದು ಹೇಳಿದಂತೆ

ಗ್ರಾಫ್ ಹಾಳೆಯ ಅಂಚು ಮುಗಿದರೂ ಸಮತಲ ಮುಗಿಯುವುದಿಲ್ಲ. ನಾಲ್ಕೂ ದಿಕ್ಕಿಗೆ ಹೋಗುತ್ತಲೇ ಇರುತ್ತದೆ, ಅದರ ತುಂಬಾ ಲೆಕ್ಕವಿಲ್ಲದಷ್ಟು ಬಿಂದುಗಳು. ಇವನ್ನೆಲ್ಲ ಒಟ್ಟಿಗೆ ಕದಲಿಸಬೇಕೆಂದರೆ ಒಂದೊಂದಕ್ಕೂ "ನೀನು ಅಲ್ಲಿಗೆ ಹೋಗು" ಎಂದು ಹೇಳುತ್ತಾ ಕೂರಲಾದೀತೇ? ರೇಖೀಯ ಪರಿವರ್ತನೆ ಎಂಬ ಬಗೆಯ ಕದಲಿಕೆಯಲ್ಲಿ ಆ ತಲೆನೋವಿಲ್ಲ. (1, 0) ಎಲ್ಲಿಗೆ, (0, 1) ಎಲ್ಲಿಗೆ ಎಂದು ಎರಡಕ್ಕೆ ಹೇಳಿದರೆ ಸಾಕು. ಮಿಕ್ಕವು ತಾವೇ ಜಾಗ ಹುಡುಕಿಕೊಳ್ಳುತ್ತವೆ.

ಹೇಗೆ ಅಂತೀರಾ? ಮೊದಲನೆಯದನ್ನು (2, 1)ಕ್ಕೂ ಎರಡನೆಯದನ್ನು (−1, 1)ಕ್ಕೂ ಕಳಿಸೋಣ. ಈಗ (3, 2) ಏನು ಮಾಡಬೇಕು? ಅದು ಮೊದಲನೆಯದರ ಮೂರು ಪಾಲು, ಎರಡನೆಯದರ ಎರಡು ಪಾಲು ತಾನೇ? ಹೊಸ ಜಾಗದಲ್ಲೂ ಅದೇ ಪಾಲು. ಮೂರು ಸಲ (2, 1), ಎರಡು ಸಲ (−1, 1), ಕೂಡಿದರೆ (4, 5). ಮುಗೀತು. ಆ ಎರಡು ಜೋಡಿಗಳನ್ನು ಅಕ್ಕಪಕ್ಕ ಉದ್ದುದ್ದ ಬರೆದರೆ ಅದೇ ಮ್ಯಾಟ್ರಿಕ್ಸ್. ಇದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಭಯ ಹೋಗುತ್ತದೆ. ಪಾಠಗಳಲ್ಲಿ ಮಾತ್ರ ಸಾಮಾನ್ಯವಾಗಿ ಅಡ್ಡಸಾಲನ್ನು ಕಂಬಸಾಲಿಗೆ ಗುಣಿಸುವ ನಿಯಮವೇ ಮೊದಲು ಬರುತ್ತದೆ, ಎಲ್ಲಿಂದ ಬಂತು ಅಂತ ಗೊತ್ತಾಗುವುದೇ ಇಲ್ಲ.

ಕಟ್ಟುಪಾಡುಗಳೂ ಇವೆ. ಮೂಲಬಿಂದು (0, 0) ಕದಲುವ ಹಾಗಿಲ್ಲ. ಸಮಾನಾಂತರ ಗೆರೆಗಳು ಒಂದನ್ನೊಂದು ಕತ್ತರಿಸುವ ಹಾಗಿಲ್ಲ. ಹಾಗಾಗಿ ಇಡೀ ಸಮತಲವನ್ನು ಒಂದು ಮನೆ ಬಲಕ್ಕೆ ಸರಿಸುವ ಪಾಪದ ಕೆಲಸವೂ ಇಲ್ಲಿಗೆ ಸೇರುವುದಿಲ್ಲ. ಮೂಲಬಿಂದು ಜಾಗ ಬಿಟ್ಟಿತಲ್ಲ!

ನನಗೆ ಜಾಸ್ತಿ ಇಷ್ಟವಾಗುವುದು ಓರೆ ಮಾಡುವ ಪರಿವರ್ತನೆ. (1, 0) ಇದ್ದಲ್ಲೇ ಇರಲಿ, (0, 1) ಮಾತ್ರ (1, 1)ಕ್ಕೆ ಹೋಗಲಿ. ಪೇರಿಸಿಟ್ಟ ಪುಸ್ತಕಗಳನ್ನು ಪಕ್ಕದಿಂದ ತಳ್ಳಿದ ಹಾಗೆ ಒಂದು ಮನೆಯ ಚೌಕ ವಾಲುತ್ತದೆ. ಒಂದು ಕರ್ಣ √2 ಇದ್ದದ್ದು √5 ಆಗಿ ಉದ್ದವಾಗುತ್ತದೆ, ಇನ್ನೊಂದು √2 ಇದ್ದದ್ದು 1ಕ್ಕೆ ಕುಗ್ಗುತ್ತದೆ. ಇಷ್ಟೆಲ್ಲ ಎಳೆದಾಡಿದರೂ ವಿಸ್ತೀರ್ಣ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಪಾದ ಅದೇ, ಎತ್ತರ ಅದೇ, ಇನ್ನೆಲ್ಲಿ ಬದಲಾದೀತು?

ವಿಸ್ತೀರ್ಣದ ಲೆಕ್ಕ ಇಡುವುದು ಡಿಟರ್ಮಿನೆಂಟ್ ಎಂಬ ಸಂಖ್ಯೆ. ಮ್ಯಾಟ್ರಿಕ್ಸ್‌ನ ಒಂದು ಕರ್ಣದ ಗುಣಲಬ್ಧದಿಂದ ಇನ್ನೊಂದು ಕರ್ಣದ್ದನ್ನು ಕಳೆದರೆ ಅದು ಸಿಗುತ್ತದೆ. ನಮ್ಮ ಮೊದಲ ಉದಾಹರಣೆಯಲ್ಲಿ 2×1 − (−1)×1 = 3, ಅಂದರೆ ಪ್ರತಿ ಆಕೃತಿಯ ವಿಸ್ತೀರ್ಣವೂ ಮೂರು ಪಟ್ಟಾಗುತ್ತದೆ. ಸೊನ್ನೆ ಬಂದರೆ ಸಮತಲ ಗೆರೆಯಾಗಿ ಚಪ್ಪಟೆಯಾಗುತ್ತದೆ, ಕೆಲವೊಮ್ಮೆ ಒಂದೇ ಬಿಂದುವಾಗಿ ಮುದುಡುತ್ತದೆ. ಅಲ್ಲಿಂದ ವಾಪಸ್ ಬರುವ ದಾರಿಯಿಲ್ಲ. ಋಣ ಸಂಖ್ಯೆ ಬಂದರೆ ಆಕೃತಿ ಮಗುಚಿಕೊಂಡಿದೆ ಎಂದರ್ಥ, ಕನ್ನಡಿಯಲ್ಲಿನ ಅಕ್ಷರದಂತೆ.

ಗುಣಾಕಾರದ ಆ ನಿಯಮಕ್ಕೂ ಕಾರಣವಿದೆ. ಒಂದು ಪರಿವರ್ತನೆಯ ಬೆನ್ನಿಗೆ ಇನ್ನೊಂದನ್ನು ಮಾಡಿದರೆ ಆ ಎರಡು ಬಿಂದುಗಳು ಕೊನೆಗೆ ಎಲ್ಲಿರುತ್ತವೆ? ಅದನ್ನು ಹುಡುಕಲು ಹೊರಟರೆ ನಿಯಮ ತಾನಾಗಿಯೇ ಸಿಗುತ್ತದೆ. 1858ರಲ್ಲಿ ಗಣಿತಜ್ಞ ಆರ್ಥರ್ ಕೇಲಿ ಮ್ಯಾಟ್ರಿಕ್ಸ್‌ಗಳ ಬಗ್ಗೆ ಬರೆದ ಪ್ರಬಂಧದಲ್ಲೂ ಗುಣಾಕಾರ ಹುಟ್ಟುವುದು ಹೀಗೆಯೇ.

ಸುಮ್ನೆ ಒಂದು ಆಟ ಆಡಿ ನೋಡಿ. ಮೊದಲು ಎಕ್ಸ್ ಅಕ್ಷದ ಮೇಲೆ ಮಗುಚಿ, ಆಮೇಲೆ ನಿರ್ದೇಶಾಂಕಗಳನ್ನು ಅದಲುಬದಲು ಮಾಡಿ, ಅದೂ ಒಂದು ಮಗುಚುವಿಕೆಯೇ. (1, 0) ಹೋಗಿ (0, 1)ರಲ್ಲಿ ಕೂರುತ್ತದೆ, (0, 1) ಹೋಗಿ (−1, 0)ರಲ್ಲಿ. ಎರಡು ಸಲ ಮಗುಚಿದ್ದು ಕಾಲು ಸುತ್ತು ತಿರುಗಿಸಿದ್ದಾಯಿತು! ಎರಡರ ಡಿಟರ್ಮಿನೆಂಟೂ −1, ಎರಡು ಋಣ ಗುಣಿಸಿದರೆ ಧನ, ಅಲ್ವಾ? ಈಗ ಅದಲುಬದಲನ್ನು ಮೊದಲು ಮಾಡಿ, ಮಗುಚುವುದನ್ನು ಆಮೇಲೆ ಮಾಡಿ. ಮತ್ತೆ ಕಾಲು ಸುತ್ತೇ, ಆದರೆ ಎದುರು ದಿಕ್ಕಿಗೆ.