ಆ್ಯಡ್‌ಸೆನ್ಸ್ ಸಿಕ್ಕಿರುವ ರೆಡಿಮೇಡ್ ವೆಬ್‌ಸೈಟ್ ಕೊಳ್ಳಬಹುದೇ?

ವೆಬ್‌ಸೈಟ್‌ಗಳಲ್ಲಿ ಜಾಹೀರಾತು ಹಾಕಿ ಅವುಗಳ ಮಾಲೀಕರಿಗೆ ಹಣ ಕೊಡುವ ಗೂಗಲ್‌ನ ಆ್ಯಡ್‌ಸೆನ್ಸ್ ಸೇವೆಯಿಂದ ತಿಂಗಳಿಗಿಷ್ಟು ಎಂದು ತಾನಾಗಿಯೇ ಹಣ ಬರುವ ಸಿದ್ಧ ವೆಬ್‌ಸೈಟ್ ಮಾರಾಟಕ್ಕಿದೆ ಎಂಬ ಸಂದೇಶಗಳು ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ, ಅದರಲ್ಲೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗರ ಗುಂಪುಗಳಲ್ಲಿ, ಮತ್ತೆ ಮತ್ತೆ ಸುತ್ತುತ್ತಿವೆ. ಅಂಗಡಿ, ಶಾಲೆ, ಆಸ್ಪತ್ರೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ವೃತ್ತಿಯಾದ್ದರಿಂದ, "ಸರ್, ಇದನ್ನು ತಗೊಬಹುದಾ?" ಎಂದು ಕೇಳಿಕೊಂಡು ಬರುವವರೂ ಹೆಚ್ಚಿದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಹೀಗೆ ಮಾರಾಟಕ್ಕೆ ಬರುವ ಬಹುಪಾಲು ತಾಣಗಳು ಕೊಟ್ಟ ಹಣಕ್ಕೆ ತಕ್ಕವಲ್ಲ. ತಕ್ಕವು ಎನ್ನಬಹುದಾದ ಕೆಲವು ತಾಣಗಳಾದರೂ ಅದೇ ವಿಷಯದ ಬಗ್ಗೆ ಈಗಾಗಲೇ ಬರೆಯುತ್ತಿರುವವರ ಕೈಯಲ್ಲಿ ಮಾತ್ರ ಉಳಿಯುತ್ತವೆ ಎಂಬುದು ನನ್ನ ಅಭಿಪ್ರಾಯ.

ಅಗ್ಗದ ಬಗೆಯದನ್ನು ಮೊದಲು ನೋಡೋಣ. ವೆಬ್‌ಸೈಟ್ ಕಟ್ಟಲು ಉಚಿತವಾಗಿ ಸಿಗುವ ವರ್ಡ್‌ಪ್ರೆಸ್ ತಂತ್ರಾಂಶ, ಅದರ ಮೇಲೊಂದು ಥೀಮ್ (ಸಿದ್ಧ ವಿನ್ಯಾಸ), ಎಲ್ಲಿಂದಲೋ ತಂದ ಅಥವಾ ಯಂತ್ರದಿಂದ ಬರೆಸಿದ ಐವತ್ತು ಲೇಖನಗಳು, ಒಂದು ಹೊಸ ಡೊಮೇನ್ (ತಾಣದ ವಿಳಾಸವಾಗುವ ಹೆಸರು): ಇಷ್ಟನ್ನು ಒಂದು ಸಂಜೆಯಲ್ಲಿ ಜೋಡಿಸಿ, ಅದರದೇ ಪ್ರತಿಗಳನ್ನು ಹೆಸರು ಬದಲಿಸಿ ಹಲವರಿಗೆ ಮಾರಲಾಗುತ್ತದೆ. ಲೇಖನದ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ, ಅದೇ ಸಾಲು ಬೇರೆ ಎಷ್ಟು ಕಡೆ ಇದೆಯೆಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ. ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನೀತಿಯನ್ನು ಬಿಗಿಗೊಳಿಸಿದಾಗ, ಹುಡುಕಾಟದಲ್ಲಿ ಮೇಲೆ ಬರುವ ಒಂದೇ ಉದ್ದೇಶದಿಂದ ರಾಶಿ ರಾಶಿ ಪುಟಗಳನ್ನು ಹೊರಡಿಸುವುದನ್ನೂ, ಅವಧಿ ಮುಗಿದ ಹಳೆಯ ಡೊಮೇನ್‌ಗಳನ್ನು ಕೊಂಡು ಅವುಗಳ ಹೆಸರಿನ ಬಲದಲ್ಲಿ ಸಂಬಂಧವಿಲ್ಲದ ಸರಕು ತುಂಬುವುದನ್ನೂ ಸ್ಪಷ್ಟವಾಗಿ ನೀತಿ ಉಲ್ಲಂಘನೆಯೆಂದು ಸೇರಿಸಿತು. ಇಂಥ ಅಗ್ಗದ ತಾಣಗಳ ವ್ಯಾಪಾರ ಹೆಚ್ಚಾಗಿ ನಿಂತಿರುವುದೇ ಇಂಥವುಗಳ ಮೇಲೆ. ಇವನ್ನು ಕೊಳ್ಳುವ ಮಾತನ್ನು ಇಲ್ಲಿಗೇ ಬಿಡಬಹುದು.

"ಆ್ಯಡ್‌ಸೆನ್ಸ್ ಅಪ್ರೂವಲ್ ಆಗಿದೆ" ಎಂಬ ಮಾತಿಗೆ ನಮ್ಮ ಹುಡುಗರು ಹೆಚ್ಚು ಮರುಳಾಗುತ್ತಾರೆ. ಆ ಒಪ್ಪಿಗೆ ಮಾರುವವನ ಖಾತೆಗೆ ಸಿಕ್ಕಿದ್ದು. ತಾಣ ಕೈ ಬದಲಿಸಿದ ಮೇಲೆ ಕೊಂಡವನು ಅದನ್ನು ತನ್ನ ಸ್ವಂತ ಖಾತೆಗೆ ಸೇರಿಸಿ ಮತ್ತೊಮ್ಮೆ ಪರಿಶೀಲನೆಗೆ ಒಪ್ಪಿಸಬೇಕು, ಆಗ ಅದು ತಿರಸ್ಕೃತವಾಗಲೂಬಹುದು. ಖಾತೆಯನ್ನೇ ಕೊಡುತ್ತೇನೆ ಎನ್ನುವವರೂ ಇದ್ದಾರೆ. ಆದರೆ ಆ್ಯಡ್‌ಸೆನ್ಸ್ ಖಾತೆಯನ್ನು ಮಾರುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಗಳಿಕೆ 10 ಡಾಲರ್ ಮುಟ್ಟಿದಾಗ ಪಿನ್ ಇರುವ ಅಂಚೆ ಪತ್ರ ಖಾತೆದಾರನ ವಿಳಾಸಕ್ಕೇ ಹೋಗುತ್ತದೆ, ಹಣ ಪಾವತಿಯಾಗಲು 100 ಡಾಲರ್ ದಾಟಬೇಕು. ಇದರ ನಡುವೆ ಸುಳ್ಳು ಕ್ಲಿಕ್‌ಗಳ ಸಂಶಯ ಬಂದು ಖಾತೆ ಮುಚ್ಚಿಹೋದರೆ, ಬೇರೆಯವರ ಹೆಸರಿನ ಖಾತೆಗಾಗಿ ನೀವು ಯಾರ ಬಳಿ ಅಹವಾಲು ಹೇಳುತ್ತೀರಿ?

ನಿಜಕ್ಕೂ ಓದುಗರಿರುವ ಕನ್ನಡ ತಾಣಗಳ ವಿಷಯ ಇದಕ್ಕಿಂತ ಜಟಿಲ. ನಮ್ಮಲ್ಲಿ ಮಾರಾಟಕ್ಕೆ ಬರುವವು ಹೆಚ್ಚಾಗಿ ಸರ್ಕಾರಿ ಉದ್ಯೋಗ, ಸರ್ಕಾರಿ ಯೋಜನೆ, ಬೆಳೆ ವಿಮೆ, ಪರೀಕ್ಷಾ ಫಲಿತಾಂಶಗಳ ಕುರಿತ ತಾಣಗಳು. 2023ರಲ್ಲಿ ಗ್ಯಾರಂಟಿ ಯೋಜನೆಗಳು ಬಂದಾಗ, ವಿಶೇಷವಾಗಿ ಗೃಹಲಕ್ಷ್ಮಿಯ ನೋಂದಣಿ ನಡೆದ ದಿನಗಳಲ್ಲಿ, ಕನ್ನಡದಲ್ಲಿ ಈ ಬಗೆಯ ತಾಣಗಳು ಮಳೆಗಾಲದ ಹುಲ್ಲಿನಂತೆ ಎದ್ದವು. (ಅವುಗಳ ಅರೆಸತ್ಯದ ಶೀರ್ಷಿಕೆಗಳನ್ನು ನಂಬಿ ಗ್ರಾಮ ಒನ್ ಕೇಂದ್ರದ ಮುಂದೆ ಸುಮ್ಮನೆ ಸರದಿ ನಿಂತ ತಾಯಂದಿರನ್ನು ಕಂಡಿದ್ದೇನೆ; ಅದರ ಕೋಪ ಈ ಬರಹದಲ್ಲಿ ಸ್ವಲ್ಪ ಇಣುಕಿದರೆ ಕ್ಷಮಿಸಿ.) ಯೋಜನೆಯ ಹಣ ಖಾತೆಗೆ ಜಮೆಯಾಗುವುದು ರೂಢಿಯಾದ ಮೇಲೆ "ಹೇಗೆ ಅರ್ಜಿ ಹಾಕುವುದು" ಎಂದು ಹುಡುಕುವವರು ಕಡಿಮೆಯಾಗುತ್ತಾರೆ. ಫಲಿತಾಂಶದ ಪುಟ ಫಲಿತಾಂಶದ ದಿನ ತುಂಬಿ ತುಳುಕಿ ಮರುವಾರ ಬರಿದಾಗುತ್ತದೆ. ಮಾರುವವನು ತೋರಿಸುವ ಸ್ಕ್ರೀನ್‌ಶಾಟ್ ಮಾತ್ರ ಯಾವಾಗಲೂ ತುಂಬಿ ತುಳುಕಿದ ತಿಂಗಳಿನದೇ ಆಗಿರುತ್ತದೆ. ಅದರ ಜೊತೆಗೆ, ದಸರಾ ದೀಪಾವಳಿಯಿಂದ ಡಿಸೆಂಬರ್‌ವರೆಗೆ ಜಾಹೀರಾತುದಾರರು ಹೆಚ್ಚು ಖರ್ಚು ಮಾಡುವುದರಿಂದ ದರ ಏರಿ, ಜನವರಿಯಲ್ಲಿ ಕುಸಿಯುತ್ತದೆ. ನವೆಂಬರ್‌ನ ಗಳಿಕೆ ತೋರಿಸಿ ಜನವರಿಯಲ್ಲಿ ಮಾರುವುದು ಈ ವ್ಯಾಪಾರದ ಹಳೆಯ ಜಾಣತನ.

ಓದುಗರು ಯಾವ ದಾರಿಯಿಂದ ಬರುತ್ತಾರೆ ಎಂಬುದನ್ನು ಕೇಳುವವರು ಇನ್ನೂ ಕಡಿಮೆ. ಇಂಥ ಕನ್ನಡ ತಾಣಗಳಲ್ಲಿ ಅನೇಕವು ಮೊಬೈಲ್‌ನಲ್ಲಿ ತಾನಾಗಿ ಕಾಣಿಸಿಕೊಳ್ಳುವ ಲೇಖನಗಳ ಪಟ್ಟಿಯಾದ ಗೂಗಲ್ ಡಿಸ್ಕವರ್ ಮೇಲೆ, ಇಲ್ಲವೇ ಮಾಲೀಕ ನಡೆಸುವ ಹತ್ತಾರು ವಾಟ್ಸಾಪ್, ಟೆಲಿಗ್ರಾಮ್ ಗುಂಪುಗಳ ಮೇಲೆ ಬದುಕುತ್ತವೆ. ಡಿಸ್ಕವರ್ ಇಂದು ತೋರಿಸಿದ ತಾಣವನ್ನು ನಾಳೆ ತೋರಿಸಲೇಬೇಕೆಂದಿಲ್ಲ. ಇನ್ನು ಗುಂಪುಗಳು ಮಾರುವವನ ಫೋನಿನಲ್ಲೇ ಉಳಿದರೆ, ಆತ ಮರುದಿನವೇ ಹೊಸ ಹೆಸರಿನಲ್ಲಿ ಅಂಥದ್ದೇ ತಾಣ ತೆರೆದು ಅದೇ ಜನರನ್ನು ಅಲ್ಲಿಗೆ ಕರೆದೊಯ್ಯಬಹುದು. ಇದರ ಮೇಲೆ, ಹುಡುಕಾಟದ ಉತ್ತರವನ್ನು ಪುಟದ ಮೇಲ್ಭಾಗದಲ್ಲೇ ಬರೆದುಕೊಡುವ ಗೂಗಲ್‌ನ ಎಐ ಸಾರಾಂಶ 2024ರ ಆಗಸ್ಟ್‌ನಲ್ಲಿ ಭಾರತಕ್ಕೂ ಬಂತು. "ಕೊನೆಯ ದಿನಾಂಕ ಯಾವಾಗ" ಎಂಬಂಥ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕರೆ ತಾಣದವರೆಗೆ ಯಾರು ಬರುತ್ತಾರೆ?

ಲೆಕ್ಕವನ್ನೂ ಹಾಕಿ ನೋಡೋಣ. ವೆಬ್‌ಸೈಟ್‌ಗಳನ್ನು ಕೊಂಡು ಮಾರುವ ಫ್ಲಿಪ್ಪಾದಂಥ ಆನ್‌ಲೈನ್ ಮಾರುಕಟ್ಟೆಗಳಲ್ಲಿ ತಾಣದ ಬೆಲೆಯನ್ನು ತಿಂಗಳ ಲಾಭದ ಇಷ್ಟು ಪಟ್ಟು ಎಂದು ಎಣಿಸುವುದು ರೂಢಿ. ಎರಡರಿಂದ ಮೂರು ವರ್ಷದ ಲಾಭ ಕೇಳುವುದು ಅಪರೂಪವಲ್ಲ. ತಿಂಗಳಿಗೆ ₹10,000 ಬರುವ ತಾಣಕ್ಕೆ 30 ಪಟ್ಟು ಎಂದಿಟ್ಟುಕೊಂಡರೆ ₹3 ಲಕ್ಷ. ಗಳಿಕೆ ಹಾಗೆಯೇ ನಿಂತರೆ ಅಸಲು ಮರಳಲು ಎರಡೂವರೆ ವರ್ಷ ಬೇಕು, ಅರ್ಧಕ್ಕೆ ಇಳಿದರೆ ಐದು ವರ್ಷ. ಹೋಸ್ಟಿಂಗ್ (ತಾಣವನ್ನು ಇರಿಸುವ ಸರ್ವರ್‌ನ ಬಾಡಿಗೆ), ಡೊಮೇನ್ ನವೀಕರಣ, ದಿನವೂ ಬರೆಯುವವರ ಸಂಬಳ ಇದರಲ್ಲಿ ಸೇರಿಲ್ಲ. ದಿನವೂ ಬರೆಯದೆ ಉದ್ಯೋಗ ಮಾಹಿತಿಯ ತಾಣ ಆರು ತಿಂಗಳೂ ಬಾಳುವುದಿಲ್ಲ. "ಮಲಗಿದ್ದರೂ ಹಣ" ಎಂಬ ಮಾತು ಸುಳ್ಳಾಗುವುದು ಇಲ್ಲಿಯೇ. ಆ್ಯಡ್‌ಸೆನ್ಸ್ ತನ್ನ ಲೆಕ್ಕದ ಪದ್ಧತಿಯನ್ನೇ 2024ರಲ್ಲಿ ಬದಲಿಸಿ, ಕ್ಲಿಕ್ಕಿನ ಬದಲು ಜಾಹೀರಾತು ಕಾಣಿಸಿಕೊಂಡ ಸಂಖ್ಯೆಗೆ ಹಣ ಕೊಡಲು ಆರಂಭಿಸಿದ್ದನ್ನು ನೆನಪಿಟ್ಟುಕೊಂಡರೆ, ಹಳೆಯ ಗಳಿಕೆಯನ್ನು ಐದು ವರ್ಷ ಮುಂದಕ್ಕೆ ಎಳೆದು ನೋಡುವುದು ಎಷ್ಟು ಧೈರ್ಯದ ಕೆಲಸ ಎಂಬುದು ತಿಳಿಯುತ್ತದೆ.

ಆಳಂದ, ಸೇಡಂ ಕಡೆ ಎರಡೆಕರೆ ಹೊಲ ಕೊಳ್ಳುವವನು ಪಹಣಿ, ಋಣಭಾರ ಪತ್ರ ನೋಡದೆ ಮುಂಗಡ ಕೊಡುವುದಿಲ್ಲ. ತಾಣಕ್ಕೂ ಅಂಥ ದಾಖಲೆಗಳಿವೆ. ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನ 16 ತಿಂಗಳ ಅಂಕಿಅಂಶ ಇಟ್ಟುಕೊಂಡಿರುತ್ತದೆ. ಚಿತ್ರ ಕಳಿಸಬೇಡಿ, ಓದುವ ಅನುಮತಿಯನ್ನೇ ಕೊಡಿ ಎಂದು ಕೇಳಬೇಕು. ಹುಡುಕಾಟದ ಓದುಗರೆಷ್ಟು, ಡಿಸ್ಕವರ್‌ನಿಂದ ಬಂದವರೆಷ್ಟು, ಗೂಗಲ್ ದಂಡನೆ ಏನಾದರೂ ಇದೆಯೇ ಎಂಬುದೆಲ್ಲ ಅಲ್ಲಿಯೇ ಬೇರೆಬೇರೆಯಾಗಿ ಕಾಣುತ್ತದೆ. ಡೊಮೇನ್ ಹಿಂದೆ ಏನಾಗಿತ್ತು ಎಂಬುದನ್ನು ತಾಣಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ನೋಡಬಹುದು. ತಾಣದ ವಿಳಾಸದ ಕೊನೆಗೆ /ads.txt ಎಂಬ ಕಡತದ ಹೆಸರು ಸೇರಿಸಿ ತೆರೆದರೆ ಪ್ರಕಾಶಕರ ಸಂಖ್ಯೆ, ಅಂದರೆ ಆ್ಯಡ್‌ಸೆನ್ಸ್ ಖಾತೆಯ ಸಂಖ್ಯೆ, ಸಿಗುತ್ತದೆ. ಅದನ್ನು ಮಾರುವವನ ಖಾತೆಯ ಸಂಖ್ಯೆಯೊಂದಿಗೆ ಹೋಲಿಸಿದರೆ, ಆತ ತೋರಿಸುತ್ತಿರುವ ಗಳಿಕೆ ಈ ಖಾತೆಯದೇ ಹೌದೋ ಎಂಬುದು ಬಯಲಾಗುತ್ತದೆ. ಇಷ್ಟು ಕೇಳಿದೊಡನೆ ಮಾರುವವರಲ್ಲಿ ಅನೇಕರು ಉತ್ತರಿಸುವುದನ್ನೇ ನಿಲ್ಲಿಸುತ್ತಾರೆ, ಅದೂ ಒಂದು ಉತ್ತರವೇ.

ಹಾಗಾದರೆ ಯಾರು ಕೊಳ್ಳಬಹುದು? ನಮ್ಮೂರಿನಲ್ಲೇ ವರ್ಷಗಳಿಂದ ಇತಿಹಾಸವನ್ನೋ ಸಾಮಾನ್ಯ ಗಣಿತವನ್ನೋ ಪಾಠ ಮಾಡುತ್ತಾ, ವಿದ್ಯಾರ್ಥಿಗಳಿಗಾಗಿ ಟಿಪ್ಪಣಿ ಬರೆಯುತ್ತಲೇ ಬಂದಿರುವ ಅಧ್ಯಾಪಕರಿಗೆ, ಹಳೆಯ ಪ್ರಶ್ನೆಪತ್ರಿಕೆಗಳ ವಿವರಣೆಯಿರುವ, ಹುಡುಕಾಟದಿಂದಲೇ ಸ್ಥಿರವಾಗಿ ಓದುಗರು ಬರುವ ತಾಣವೊಂದು ಒಂದು ವರ್ಷದ ಗಳಿಕೆಯ ಆಸುಪಾಸಿನ ಬೆಲೆಗೆ ಸಿಕ್ಕರೆ, ಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಒಪ್ಪಂದ ಬರಹದಲ್ಲಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಬರಹದ ಹಕ್ಕು ಸಹಿಯಿರುವ ಲಿಖಿತ ಪತ್ರವಿಲ್ಲದೆ ವರ್ಗವಾಗುವುದಿಲ್ಲ, ಮತ್ತು ಅವಧಿಯನ್ನು ನಮೂದಿಸದಿದ್ದರೆ ಆ ವರ್ಗಾವಣೆ ಐದೇ ವರ್ಷಕ್ಕೆಂದು ಭಾವಿಸಲಾಗುತ್ತದೆ. ಡೊಮೇನ್ ನಿಮ್ಮ ಹೆಸರಿಗೆ ಬಂದ ಮೇಲೆ ಅರ್ಧ, ತಾಣ ನಿಮ್ಮ ಖಾತೆಯಲ್ಲಿ ಒಪ್ಪಿಗೆ ಪಡೆದು ಮೂರು ತಿಂಗಳು ನಡೆದ ಮೇಲೆ ಉಳಿದರ್ಧ ಎಂದು ಬರೆಸಿಕೊಳ್ಳಿ. ಅದೇ ವಿಷಯದ ಮತ್ತೊಂದು ತಾಣವನ್ನು ಮಾರಿದವನು ಇಂತಿಷ್ಟು ಕಾಲ ತೆರೆಯಬಾರದೆಂಬ ಮಾತನ್ನೂ, ಗುಂಪುಗಳ ಅಡ್ಮಿನ್ ಹಕ್ಕನ್ನು ಬಿಟ್ಟುಕೊಡಬೇಕೆಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿ.