ಮಂಜರಾಬಾದ್ ಕೋಟೆಯ ನೀರು ಎತ್ತ ಹೋಗಬೇಕು?

ಕಡಲ ದಡದ ಕೋಟೆ ಊರುಗಳನ್ನು ನೋಡಿ ಬಂದವರು ಕೇಳುವ ಪ್ರಶ್ನೆ ಒಂದೇ: ಅವರು ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ, ನಮ್ಮಲ್ಲಿ ಯಾಕೆ ಆಗಲ್ಲ? ಶ್ರೀಲಂಕಾದ ಗಾಲೆ ಎಲ್ಲರ ಬಾಯಲ್ಲಿರುವ ಉದಾಹರಣೆ. ಡಚ್ಚರು ಕಟ್ಟಿದ ಆ ಗೋಡೆಯೊಳಗೆ ಇವತ್ತಿಗೂ ಮನೆ, ಅಂಗಡಿ, ಮಸೀದಿ, ಚರ್ಚು ಎಲ್ಲ ಇವೆ. 1988ರಿಂದ ಅದು ಯುನೆಸ್ಕೊ ಪಟ್ಟಿಯಲ್ಲಿದೆ. ಆದರೆ ಗಾಲೆ ಉಳಿದಿರುವುದಕ್ಕೆ ಪಟ್ಟಿಗಿಂತ ದೊಡ್ಡ ಕಾರಣ, ಅಲ್ಲಿ ಜನ ಬದುಕುತ್ತಿದ್ದಾರೆ. ಹೆಂಚು ಜಾರಿದರೆ ಆ ಮನೆಯವರೇ ಏಣಿ ಹಾಕುತ್ತಾರೆ, ಮೋರಿ ಕಟ್ಟಿಕೊಂಡರೆ ಬೀದಿಯವರೇ ಗಲಾಟೆ ಮಾಡುತ್ತಾರೆ. ಸಕಲೇಶಪುರದ ನಮ್ಮ ಮಂಜರಾಬಾದ್ ಕೋಟೆಯೊಳಗೆ ಒಲೆ ಹಚ್ಚುವವರು ಯಾರೂ ಇಲ್ಲ. ಹಾಗಾಗಿ ಅದರ ಮೋರಿಯ ಚಿಂತೆ ಹೊರಗಿರುವ ನಾವೇ ಮಾಡಬೇಕು. ಈ ಬರಹ ಅದರ ಬಗ್ಗೆ.

ಮಂಜರಾಬಾದ್ ಬಂದರಲ್ಲ ನಿಜ. ಆದರೆ ಅದು ಬಂದರಿನ ದಾರಿ ಕಾಯಲು ಟಿಪ್ಪು ಸುಲ್ತಾನ್ ಕಟ್ಟಿಸಿದ ಕೋಟೆ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಹೆಚ್ಚುಕಡಿಮೆ ಅರ್ಧ ರಾಜ್ಯ ಕಳೆದುಕೊಂಡ. ಮಲಬಾರ್ ಕೈಬಿಟ್ಟಿತು, ಮಂಗಳೂರು ಉಳಿಯಿತು. ಉಳಿದ ಆ ಬಂದರಿಗೂ ರಾಜಧಾನಿಗೂ ನಡುವೆ ಘಟ್ಟ. ಕೆಳಗೆ ಹೊಳೆಬಾಯಲ್ಲಿ ಮಂಗಳೂರಿನ ಕಾವಲು ಬುರುಜು ಸುಲ್ತಾನ್ ಬತ್ತೇರಿ, ನಡುವೆ ಬೆಳ್ತಂಗಡಿ ಕಡೆಯ ಜಮಾಲಾಬಾದ್ ಕೋಟೆಯ ಗಡಾಯಿಕಲ್ಲು, ಮೇಲೆ ಘಟ್ಟದ ತಲೆಯಲ್ಲಿ ಮಂಜರಾಬಾದ್. ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡಿದರೆ ಮಾತ್ರ ಈ ಕೋಟೆ ಅಲ್ಲೇ ಯಾಕಿದೆ ಅನ್ನುವುದು ಹೊಳೆಯುತ್ತದೆ.

ಹೋಗುವವರಿಗೆ ಒಂದಿಷ್ಟು ಮಾಹಿತಿ. ಹಾಸನದಿಂದ ಸಕಲೇಶಪುರ ಸುಮಾರು 40 ಕಿ.ಮೀ., ಅಲ್ಲಿಂದ ಮಂಗಳೂರು ಹೆದ್ದಾರಿಯಲ್ಲಿ ಆರು ಕಿ.ಮೀ. ಆಸುಪಾಸಿನಲ್ಲಿ ದೋಣಿಗಾಲ್. ರಸ್ತೆಯಿಂದ ಮೇಲಕ್ಕೆ ಇನ್ನೂರೈವತ್ತರಷ್ಟು ಮೆಟ್ಟಿಲು. ಕುಡಿಯುವ ನೀರು ಜೊತೆಗಿರಲಿ, ಖಾಲಿ ಬಾಟಲಿ ವಾಪಸ್ ನಿಮ್ಮ ಚೀಲದಲ್ಲೇ ಬರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲು ಪಾಚಿ ಕಟ್ಟಿರುತ್ತದೆ, ಕೋಟೆ ಗೋಡೆಯ ಅಂಚಿಗೆ ಹೋಗಲೇಬೇಡಿ. ಇಂಬಳಕ್ಕೆಂದು ಉಪ್ಪು ಒಯ್ಯುವವರು ಅದನ್ನು ಗೋಡೆ ಬುಡದಲ್ಲಿ ಚೆಲ್ಲಬಾರದು. ಉಪ್ಪು ನೀರಿನಲ್ಲಿ ಕರಗಿ ಇಟ್ಟಿಗೆಯೊಳಗೆ ಇಳಿಯುತ್ತದೆ, ಒಣಗುವಾಗ ಹರಳುಗಟ್ಟಿ ಇಟ್ಟಿಗೆಯ ಮೈಯನ್ನೇ ಪುಡಿ ಮಾಡುತ್ತದೆ. ಕಾಲಿಗೆ ಸುಣ್ಣ-ಹೊಗೆಸೊಪ್ಪು ಹಚ್ಚಿಕೊಳ್ಳುವ ನಮ್ಮ ಹಳೇ ಪದ್ಧತಿಯೇ ಕೋಟೆಗೂ ಕ್ಷೇಮ.

ಬಾಗಿಲಲ್ಲಿ ಫೋಟೊ ತೆಗೆದುಕೊಂಡು ಒಳಗೆ ಓಡುವ ಮೊದಲು ಅಲ್ಲೇ ತಲೆ ಎತ್ತಿ ಚಾವಣಿ ನೋಡಿ. ಕೋಟೆಯ ನಕ್ಷತ್ರದ ನಕ್ಷೆ ಅಲ್ಲಿ ಮೂಡಿದೆ. ಒಳಗೆ ನಟ್ಟನಡುವೆ ಕೂಡಿಸುವ ಗುರುತಿನ ಆಕಾರದ ಮೆಟ್ಟಿಲು ಕೊಳ, ಅದರ ಹತ್ತಿರ ಮದ್ದು ಇಡುತ್ತಿದ್ದ ನೆಲಮಾಳಿಗೆ ಕೋಣೆಗಳು. ಆಮೇಲೆ ಹೊರಗಿನ ಕಂದಕದ ಪಕ್ಕ ನಡೆದು ಒಂದು ಮೂಲೆಯಲ್ಲಿ ನಿಲ್ಲಿ. ದುಂಡು ಬುರುಜಿನ ಬುಡದಲ್ಲಿ ಶತ್ರು ಅವಿತು ಕೂತರೆ ಮೇಲಿನವರ ಗುಂಡು ಅವನಿಗೆ ತಾಗುವುದಿಲ್ಲ. ಎಂಟು ಮೂಲೆಯ ನಕ್ಷತ್ರದಲ್ಲಿ ಒಂದು ಮುಖದ ಬುಡವನ್ನು ಪಕ್ಕದ ಮುಖದಿಂದ ಕಾಯಬಹುದು. ಡ್ರೋನ್ ಚಿತ್ರದಲ್ಲಿ ಕಾಣುವುದು ಚಂದದ ಆಕಾರ ಅಷ್ಟೇ. ಈ ಲೆಕ್ಕಾಚಾರ ಕಾಣಬೇಕಾದರೆ ನೆಲದ ಮೇಲೆಯೇ ನಿಲ್ಲಬೇಕು.

ಈಗ ನೀರಿನ ವಿಷಯ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಸಕಲೇಶಪುರದ ಸುತ್ತ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿನ ಆಚೀಚೆ ಮಳೆ ಬೀಳುತ್ತದೆ ಎಂದಿಟ್ಟುಕೊಂಡರೆ ಚದರ ಮೀಟರಿಗೆ ಎರಡು ಸಾವಿರ ಲೀಟರ್. ಅದರಲ್ಲಿ ಬಹುಪಾಲು ಆರಿದ್ರಾದಿಂದ ಆಶ್ಲೇಷದ ಒಳಗೆ ಸುರಿದುಬಿಡುತ್ತದೆ. ಇಂಥ ಕೋಟೆಗಳಲ್ಲಿ ಹೊರಗೋಡೆಯ ಬೆನ್ನಿಗೆ ಮಣ್ಣು ತುಂಬಿರುತ್ತದೆ. ಮೇಲಿನ ನೀರು ತೂಬುಗಳಿಂದ ಹೊರಗೆ ಬೀಳುತ್ತಿರುವವರೆಗೆ ಗೋಡೆ ಗಟ್ಟಿ. ತೂಬಿಗೆ ಎಲೆ, ಹುಲ್ಲು, ಚಿಪ್ಸ್ ಪೊಟ್ಟಣ ಸಿಕ್ಕಿಕೊಂಡರೆ ನೀರು ಮಣ್ಣಿಗಿಳಿಯುತ್ತದೆ, ಮಣ್ಣು ಭಾರವಾಗಿ ಗೋಡೆಯನ್ನು ಹೊರಕ್ಕೆ ದೂಡುತ್ತದೆ. ಗೋಡೆ ಹೊಟ್ಟೆ ಬಿಡುವುದು ಹೀಗೆ. ಇದು ಬರಿಗಣ್ಣಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ತೂಗುಗುಂಡು ಇಳಿಬಿಟ್ಟು ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ಅಳತೆ ಬರೆದಿಟ್ಟರೆ ಮೊದಲೇ ತಿಳಿಯುತ್ತದೆ. ಬಿರುಕನ್ನೂ ಹೀಗೆಯೇ ಓದಬಹುದು: ಒಳಗೆ ಪಾಚಿ, ಧೂಳು ತುಂಬಿದ್ದರೆ ಹಳೆಯದು, ಅಂಚು ಚೂಪಾಗಿ ಒಳಮೈ ಬೆಳ್ಳಗಿದ್ದರೆ ಹೊಸದು. ಹೊಸದರ ಬಗ್ಗೆ ಅದೇ ವಾರ ಪುರಾತತ್ವ ಇಲಾಖೆಗೆ ಬರೆಯಬೇಕು.

ಎರಡನೇ ಶತ್ರು ಅರಳಿ, ಆಲ, ಬಸರಿ ಜಾತಿಯ ಗಿಡಗಳು. ಹಕ್ಕಿಯ ಹಿಕ್ಕೆಯಿಂದ ಬೀಜ ಸಂದಿಗೆ ಬಿದ್ದು ಮೊಳೆಯುತ್ತದೆ. ಶ್ರಮದಾನಕ್ಕೆ ಬರುವ ಹುಡುಗರ ಉತ್ಸಾಹ ದೊಡ್ಡದು, ಆದರೆ ಹೆಚ್ಚು ಹಾಳಾಗುವುದೂ ಇಲ್ಲೇ. ಹೆಬ್ಬೆರಳಿಗಿಂತ ದಪ್ಪ ಬೇರನ್ನು ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ. ಬರೀ ಮೇಲಿನಿಂದ ಕಡಿದರೆ ಮುಂದಿನ ಮಳೆಗೆ ನಾಲ್ಕು ಚಿಗುರು ಒಡೆದು ಬೇರು ಇನ್ನೂ ದಪ್ಪವಾಗುತ್ತದೆ. ಕಾಂಡ ಕಡಿದ ತಕ್ಷಣ ಬುಡದಲ್ಲಿ ತೂತು ಕೊರೆದು ಕಳೆನಾಶಕ ತುಂಬಬೇಕು, ಬೇರು ಪೂರ್ತಿ ಸಾಯಲು ಬಿಡಬೇಕು. ಒಣಗಿದ ಬೇರನ್ನು ಸಡಿಲವಾದಷ್ಟೇ ತೆಗೆದು, ಖಾಲಿ ಬಿದ್ದ ಜಾಗವನ್ನು ಗಾರೆಯಿಂದ ತುಂಬಬೇಕು. ಆ ಕೊನೆಯ ಹೆಜ್ಜೆ ಬಿಟ್ಟುಹೋದರೆ ಅದೇ ಸಂದಿ ಇನ್ನೊಂದು ಬೀಜಕ್ಕೆ ತೊಟ್ಟಿಲು.

ಗಾರೆ ಎಂದರೆ ಸುಣ್ಣದ ಗಾರೆ. ಈಗ ಸಿಮೆಂಟ್ ಮೆತ್ತುವುದಕ್ಕೂ ನಾವು ಗಾರೆ ಕೆಲಸ ಎಂದೇ ಅನ್ನುತ್ತೇವೆ, ಹಾಗಾಗಿ ಎರಡೂ ಒಂದೇ ಎಂಬ ಭಾವನೆ ಬಂದುಬಿಟ್ಟಿದೆ. ಹಳೇ ಕಟ್ಟಡದ ಮಟ್ಟಿಗೆ ಇವೆರಡು ಎಣ್ಣೆ-ಸೀಗೆಕಾಯಿ. ಸುಣ್ಣದ ಗಾರೆ ಮೆತ್ತಗಿರುತ್ತದೆ, ಗೋಡೆ ಅಲುಗಿದರೆ ತಾನೂ ಅಲುಗುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಾಯಿ ಮುಚ್ಚಿಬಿಡುತ್ತದೆ. ತೇವ ಸಂದಿಯಿಂದ ಬರಲಾರದೆ ಸುಟ್ಟ ಇಟ್ಟಿಗೆಯ ಮೈಯಿಂದ ಬರುತ್ತದೆ, ಇಟ್ಟಿಗೆ ಉದುರಿ ಸಿಮೆಂಟಿನ ಗೆರೆ ಮಾತ್ರ ಉಳಿಯುತ್ತದೆ. ಮಂಜರಾಬಾದಿನ ಹೊರಗೋಡೆ ಗಟ್ಟಿ ಗ್ರಾನೈಟು, ಅದು ತಡೆದೀತು. ಒಳಗಿನ ಇಟ್ಟಿಗೆ ಕೋಣೆಗಳು ತಡೆಯುವುದಿಲ್ಲ.

ಸರಿಯಾದ ಕ್ರಮ ಕಷ್ಟದ್ದೇನಲ್ಲ, ನಿಧಾನದ್ದು. ಉದುರಿಬಿದ್ದ ಹಳೇ ಗಾರೆಯ ಚೂರನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರೆ ಸುಣ್ಣ ನೊರೆಯೆದ್ದು ಕರಗುತ್ತದೆ. ತಳದಲ್ಲಿ ಉಳಿದ ಮರಳು, ಇಟ್ಟಿಗೆ ಪುಡಿಯನ್ನು ಒಣಗಿಸಿ ತೂಗಿದರೆ ಹಿಂದಿನವರ ಪ್ರಮಾಣದ ಅಂದಾಜು ಸಿಗುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಜರಡಿ ಹಿಡಿದು, ಮೇಲೆ ನೀರು ನಿಂತಂತೆ ಕಡಿಮೆ ಎಂದರೂ ಹದಿನೈದು ದಿನ ಇಡಬೇಕು. ತಿಂಗಳುಗಟ್ಟಲೆ ಇಟ್ಟಷ್ಟೂ ಬೆಣ್ಣೆಯಂತಾಗುತ್ತದೆ. ಅರಳದ ಹರಳು ಉಳಿದರೆ ಗೋಡೆಗೆ ಹೋದ ಮೇಲೆ ಅರಳಿ ಗುಳ್ಳೆ ಏಳುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ತೊಳೆದ ಒರಟು ಹೊಳೆಮರಳು ಸಾಮಾನ್ಯ ಲೆಕ್ಕ. ಮಳೆ ಹೊಡೆತದ ಜಾಗಕ್ಕೆ ಮರಳಿನ ಒಂದು ಪಾಲನ್ನು ಇಟ್ಟಿಗೆ ಪುಡಿಗೆ ಬದಲಾಯಿಸುತ್ತಾರೆ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ಪದ್ಧತಿಯೂ ಇದೆ. ಸಡಿಲವಾದ ಸಂದಿಯನ್ನು ಉಳಿ-ಸುತ್ತಿಗೆಯಿಂದ ಒಂದು ಅಂಗುಲದಷ್ಟು ಬಿಡಿಸಬೇಕು, ಕಟಿಂಗ್ ಮೆಷಿನ್ ಬೇಡ. ಅದು ಕಲ್ಲಿನ ಅಂಚನ್ನೂ ತಿನ್ನುತ್ತದೆ. ಧೂಳು ತೆಗೆದು, ಗೋಡೆಗೆ ನೀರುಣಿಸಿ, ಒಂದು ಸಲಕ್ಕೆ ಅರ್ಧ ಅಂಗುಲ ಮೀರದಂತೆ ಒತ್ತಿ ತುಂಬಬೇಕು. ಒದ್ದೆ ಗೋಣಿತಾಟು ಹೊದಿಸಿ ಒಂದು ವಾರವಾದರೂ ತೇವ ಕಾಯಬೇಕು. ಸುಣ್ಣ ಗಾಳಿಯನ್ನು ಕುಡಿದು ಗಟ್ಟಿಯಾಗುವುದು ತಿಂಗಳುಗಳ ಕೆಲಸ.

ಇಲ್ಲೇ ನಮ್ಮ ಮಲೆನಾಡಿನ ಕ್ಯಾಲೆಂಡರ್ ಅಡ್ಡ ಬರುತ್ತದೆ. ಮಳೆಗಾಲದಲ್ಲಿ ಗಾರೆ ನಿಲ್ಲುವುದಿಲ್ಲ, ಮಾರ್ಚ್-ಏಪ್ರಿಲ್‌ನ ಬಿಸಿಲಿಗೆ ಬೇಗ ಒಣಗಿ ಪುಡಿಯಾಗುತ್ತದೆ, ನಡುವೆ ಹೂಮಳೆ ಬಂದರೆ ಹಸಿ ಗಾರೆ ತೊಳೆದುಹೋಗುತ್ತದೆ. ಡಿಸೆಂಬರ್ ಹೊತ್ತಿಗೆ ಆಳುಗಳೆಲ್ಲ ಕಾಫಿ ಕೊಯ್ಲಿಗೆ. ಒಳ್ಳೆಯ ಹೊತ್ತು ಎಂದು ಉಳಿಯುವುದು ಅಕ್ಟೋಬರ್ ಕೊನೆಯಿಂದ ನವೆಂಬರ್. ಆರ್ಥಿಕ ವರ್ಷ ಮುಗಿಯುತ್ತದೆಂದು ಮಾರ್ಚ್‌ನಲ್ಲಿ ಹಣ ಬಿಡುಗಡೆ ಮಾಡಿ ಅವಸರದಲ್ಲಿ ಕೆಲಸ ಮುಗಿಸುವ ರೂಢಿ ಸುಣ್ಣಕ್ಕೆ ಒಗ್ಗುವುದಿಲ್ಲ. ಸುಣ್ಣ ಅರಳಿಸುವುದಕ್ಕೇ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹಣ ಕೈಯಲ್ಲಿರಬೇಕು.

ಗೋಡೆಯ ಮೇಲೆ ಹೆಸರು ಕೆತ್ತುವವರಿಗೆ ಒಂದು ಮಾತು. ಹಳೇ ಸುಣ್ಣದ ಗಿಲಾವಿನಲ್ಲಿ ಹೊರಗಿನ ಪದರವೇ ಗಟ್ಟಿ. ಬೀಗದ ಕೈಯಿಂದ ಅದನ್ನು ಗೀರಿದರೆ ಅಲ್ಲಿಂದ ನೀರು ಒಳಗಿಳಿದು, ಮಳೆ ಕಳೆಯುತ್ತಿದ್ದಂತೆ ಅಂಗೈ ಅಗಲದ ಚಕ್ಕೆ ಬಿದ್ದುಹೋಗುತ್ತದೆ. ಬೇಲೂರಿನ ಮದನಿಕೆಯ ಮೇಲೆ ಕೆತ್ತಲು ಯಾರಿಗೂ ಕೈ ಬರುವುದಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿ ಸೇರಿದಾಗ ಜಿಲ್ಲೆಯೇ ಹೆಮ್ಮೆಪಟ್ಟಿತು. ಅದೇ ಜಿಲ್ಲೆಯ ಗೋಡೆ ಇದು.

ಅನುಮತಿ ಇಲ್ಲದೆ ಯಾರೂ ಅಲ್ಲಿ ಒಂದು ಕಲ್ಲನ್ನೂ ಮುಟ್ಟಬಾರದು, ಅದು ಕಾನೂನು, ಸರಿಯೂ ಹೌದು. ಅನುಮತಿ ಬೇಡದ ಕೆಲಸ ಎಂದರೆ ದಾಖಲೆ. ಸಕಲೇಶಪುರದ ಒಂದು ಕಾಲೇಜು ಇದನ್ನು ವಹಿಸಿಕೊಂಡರೆ ಸಾಕು: ಎಂಟು ಮೂಲೆ, ಬಾಗಿಲು, ಕೊಳದ ನಾಲ್ಕು ಕೈ, ಮದ್ದಿನ ಕೋಣೆಗಳು. ಮೇ ಮೊದಲ ವಾರ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ, ಅದೇ ಜಾಗದಲ್ಲಿ ನಿಂತು, ಚೌಕಟ್ಟಿನಲ್ಲಿ ಒಂದು ಅಡಿಪಟ್ಟಿ ಇಟ್ಟು ಫೋಟೊ. ಜೊತೆಗೆ ಯಾವ ತೂಬು ಕಟ್ಟಿದೆ, ಯಾವುದು ಹರಿಯುತ್ತಿದೆ ಎಂಬ ಒಂದು ಪುಟದ ಪಟ್ಟಿ. ಒಂದು ಪ್ರತಿ ಇಲಾಖೆಗೆ, ಒಂದು ತಾಲೂಕು ಕಚೇರಿಗೆ. ಮೇ ಪಟ್ಟಿ ಕೈಸೇರಿದ ಮೇಲೆ ಮುಂಗಾರಿಗೆ ಸಾಮಾನ್ಯವಾಗಿ ಇನ್ನೂ ಮೂರು ವಾರವಾದರೂ ಇರುತ್ತದೆ. ತೂಬು ಬಿಡಿಸಲು ನಾಲ್ಕು ಜನ ಆಳು, ಎರಡು ದಿನ ಸಾಕು.